ಅತ್ತೆ ಒಳಗೆ ಬರುವ ಹೊತ್ತು

ಆ ಮನೆಯಲ್ಲಿ ಅಜ್ಜ ಎಂದರೆ ಮರಳು, ಅಜ್ಜಿ ಎಂದರೆ ಸೋಡ, ಮದುಮಗಳು ಎಂದರೆ ತಾಮ್ರದ ಪುಡಿ, ಅತ್ತೆ ಎಂದರೆ ಕಬ್ಬಿಣದ ಹಕ್ಕಳೆ. ಕಾದ ಕಬ್ಬಿಣವನ್ನು ಕಮ್ಮಾರ ಬಡಿಯುವಾಗ ಕರಿ ಸಿಪ್ಪೆ ಉದುರುತ್ತದಲ್ಲ, ಅದು. "ಅಜ್ಜನ್ನ ಜರಡಿ ಹಿಡಿದ್ಯಾ?" ಎಂದು ಯಜಮಾನ ಅಂಗಳದಿಂದ ಕೂಗುವುದು, "ಹಿಡಿದಾಯ್ತು ಮಾವ, ಅಜ್ಜಿ ಸಾಲಲ್ಲ, ಇನ್ನೊಂದು ಬೊಗಸೆ ಕುಟ್ಟಿ ಹಾಕ್ತೀನಿ" ಎಂದು ಅಳಿಯ ಒಳಗಿನಿಂದ ಹೇಳುವುದು. ಬೀದಿಯಲ್ಲಿ ಹೋಗುವವರು ನಿಂತು ಕೇಳಿದರೆ ಈ ಮನೆಯಲ್ಲಿ ಮುದುಕರನ್ನು ಕುಟ್ಟಿ ಪುಡಿ ಮಾಡುತ್ತಿದ್ದಾರೆ ಎಂದುಕೊಳ್ಳಬೇಕೇ ಹೊರತು, ಒಳಗೆ ಬೇಯುತ್ತಿರುವುದು ಏನೆಂದು ಅವರಪ್ಪನಾಣೆ ಗೊತ್ತಾಗುತ್ತಿರಲಿಲ್ಲ. ಗೊತ್ತಾಗಬಾರದು ಎಂದೇ ಹಿಂದಿನವರು ಯಾರೋ ಹೀಗೆ ಹೆಸರಿಟ್ಟುಬಿಟ್ಟಿದ್ದರು.

ಬೇಯುತ್ತಿದ್ದದ್ದು ಮಿಂಚುಗಾಜು. ಉಜ್ಜಿ ತೊಳೆದ ತಾಮ್ರದ ಪಾತ್ರೆಯ ಬಣ್ಣ. ಬೆಳಕಿಗೆ ಹಿಡಿದು ಒಂದಿಷ್ಟು ವಾಲಿಸಿದರೆ ಒಳಗೆಲ್ಲ ಚಿನ್ನದ ಚುಕ್ಕಿಗಳು ಒಟ್ಟಿಗೇ ಕಣ್ಣು ಬಿಡುತ್ತವೆ. ಉಂಗುರಕ್ಕೆ, ಕೋಟಿನ ಗುಂಡಿಗೆ, ಮಣಿಸರಕ್ಕೆ, ಪೆಟ್ಟಿಗೆಯ ಮುಚ್ಚಳಕ್ಕೆ ಕೂರಿಸಲು ಜನ ಹುಡುಕಿಕೊಂಡು ಬಂದು ಕೊಳ್ಳುತ್ತಿದ್ದರು. ಅಂಗಡಿಯವರು ಮಾತ್ರ ಗಿರಾಕಿಗಳಿಗೆ ಅದು ಬೆಟ್ಟದಲ್ಲಿ ಸಿಗುವ ಕಲ್ಲು ಎಂದು ಬುರುಡೆ ಬಿಡುತ್ತಿದ್ದರು. ಇದು ಕಿವಿಗೆ ಬಿದ್ದರೆ ಯಜಮಾನನಿಗೆ ಮೈಯೆಲ್ಲ ಉರಿ. "ಕಲ್ಲಂತೆ ಕಲ್ಲು. ಹೊಗೆ ಕುಡಿದು ಎದೆ ಒಣಗಿಸ್ಕೊಂಡವನು ನಾನು, ಹೆಸರು ಬೆಟ್ಟಕ್ಕೆ" ಎಂದು ದಿನವಿಡೀ ಗೊಣಗುತ್ತಿದ್ದ.

ಈ ಗಾಜು ಹುಟ್ಟಿದ್ದರ ಬಗ್ಗೆ ಬೀದಿಯಲ್ಲಿ ಒಂದು ಕಥೆಯಿತ್ತು. ಯಾವುದೋ ಕಾಲದಲ್ಲಿ ಯಾರೋ ಕೆಲಸಗಾರನ ಕೈ ಜಾರಿ ಕುದಿಯುವ ಗಾಜಿಗೆ ತಾಮ್ರದ ಅರದ ಪುಡಿ ಬಿತ್ತಂತೆ, ತಣಿದ ಮೇಲೆ ನೋಡಿದರೆ ಮಿಂಚಂತೆ. "ಕೈ ಜಾರಿದ್ರೆ ಆಗೋದಾದ್ರೆ ನಮ್ಮ ಬೀದೀಲಿರೋ ಪೆದ್ದರೆಲ್ಲ ಇಷ್ಟೊತ್ತಿಗೆ ಸಾಹುಕಾರರಾಗ್ಬೇಕಿತ್ತು" ಎನ್ನುತ್ತಿದ್ದ ಯಜಮಾನ. ಅವನ ಅಪ್ಪ ಅವನಿಗೆ ಹೇಳಿದ್ದ ಕಥೆ ಬೇರೆ. ಈ ಗಾಜನ್ನು ಒಂದೊಂದು ಊರಲ್ಲಿ ಒಂದೊಂದು ಮನೆಯವರು ಕಂಡುಹಿಡಿದಿದ್ದಾರೆ, ಒಂದೊಂದು ಮನೆಯವರೂ ಕಳೆದುಕೊಂಡಿದ್ದಾರೆ. ಬಲ್ಲವನು ಬಾಯಿ ಬಿಡದೆ ಸಾಯುತ್ತಾನೆ. ಉಳಿದವರು ಮನೆಯಲ್ಲಿದ್ದ ತುಂಡುಗಳನ್ನೇ ಒಡೆದು ಮತ್ತೆ ಕರಗಿಸಿ ನೋಡುತ್ತಾರೆ. ಕರಗಿದರೆ ಚುಕ್ಕಿಗಳೂ ಕರಗಿ ಹೋಗಿ ಕೈಗೆ ಬರುವುದು ಹಸಿರು ಬಣ್ಣದ ಬರೀ ಗಾಜು. ಆಮೇಲೆ ಇನ್ನೆಲ್ಲೋ ಇನ್ಯಾರೋ ಮೊದಲಿನಿಂದ ಶುರು ಮಾಡಬೇಕು. ಇಷ್ಟು ತಿಳಿದಿದ್ದೂ ಯಜಮಾನ ಮಾಡಿದ್ದೇನು? ಬಾಯಿ ಹೊಲಿದುಕೊಂಡು ಕೂತದ್ದು.

ಕೆಲಸದ ಹದ ಹೀಗೆ. ಅಜ್ಜನನ್ನೂ ಅಜ್ಜಿಯನ್ನೂ ಮದುಮಗಳನ್ನೂ ದಪ್ಪ ಮಣ್ಣಿನ ಮೂಸೆಯಲ್ಲಿ ಹಾಕಿ ಕುಲುಮೆಗೆ ಇಳಿಸಬೇಕು. ಎಲ್ಲ ಕರಗಿ ಒಂದಾದಾಗ ತಾಮ್ರ ಕಣ್ಣಿಗೆ ಕಾಣುವುದೇ ಇಲ್ಲ. ಹಾಗೆ ಕರಗಿ ಮಾಯವಾದದ್ದನ್ನು ಮತ್ತೆ ಚುಕ್ಕಿ ಚುಕ್ಕಿಯಾಗಿ ಹೊರಗೆ ತರಬೇಕೆಂದರೆ ಗಾಜಿನ ಉಸಿರು ಕಟ್ಟಿಸಬೇಕು. ಆ ಕೆಲಸ ಅತ್ತೆಯದು. "ಅತ್ತೆ ಒಳಗೆ ಬಂದಮೇಲೆ ಮನೇಲಿ ಯಾರಾದ್ರೂ ಉಸಿರೆತ್ತೋಕುಂಟಾ?" ಎಂದು ಯಜಮಾನ ನಗುತ್ತಿದ್ದ. ಕಬ್ಬಿಣದ ಹಕ್ಕಳೆಯನ್ನು ಕಾಗದದಲ್ಲಿ ಸುತ್ತಿ ಕುದಿಯುವ ಗಾಜಿನೊಳಗೆ ಬಿಟ್ಟು ಸಲಾಕೆಯಿಂದ ತಿರುವಬೇಕು. ಆಮೇಲೆ ಕುಲುಮೆಯ ಬಾಗಿಲಿಗೆ, ಹೊಗೆಗೂಡಿಗೆ ಇಟ್ಟಿಗೆ ಮಣ್ಣು ಮೆತ್ತಿ ಗಾಳಿಯ ಸುಳಿವೇ ಇಲ್ಲದಂತೆ ತಣಿಯಲು ಬಿಡಬೇಕು. ಅತ್ತೆ ಬೇಗ ಬಂದರೆ ಗಾಜು ಇಟ್ಟಿಗೆಯ ಹಾಗೆ ಮಂಕು. ಜಾಸ್ತಿ ಬಂದರೆ ತಾಮ್ರ ಗೆಡ್ಡೆಗಟ್ಟಿ ತಳದಲ್ಲಿ ಕೂರುತ್ತದೆ. ಗಾಳಿ ಹೊಕ್ಕರೆ ಹಸಿರು.

ಅತ್ತೆ ಎಷ್ಟು, ಯಾವ ಹೊತ್ತಿಗೆ? ಇದೊಂದು ಆ ಮನೆಯಲ್ಲಿ ಯಜಮಾನನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಆ ಗಳಿಗೆ ಬಂದಾಗ "ಎಲ್ಲ ಆಚೆ ನಡೀರಿ" ಎಂದು ಮಗಳನ್ನೂ ಅಳಿಯನನ್ನೂ ಹೊರಗೆ ಅಟ್ಟಿ ಕೊಟ್ಟಿಗೆಯ ಅಗಳಿ ಹಾಕಿಕೊಳ್ಳುತ್ತಿದ್ದ. ಮರುದಿನ ಅವರು ಒಳಗೆ ಹೋಗುವಷ್ಟರಲ್ಲಿ ಎಲ್ಲ ಮುಚ್ಚಿ ಮೆತ್ತಿ ಮುಗಿದಿರುತ್ತಿತ್ತು. ಮಗಳು ಚಿಕ್ಕಂದಿನಿಂದ ಆ ಹೊಗೆಯಲ್ಲೇ ಬೆಳೆದವಳು. ಮೂಸೆ ತಟ್ಟುವುದು, ಬೆಂಕಿಯ ಬಣ್ಣ ನೋಡಿ ಕಾವು ಹೇಳುವುದು, ತಣಿದ ಗಾಜನ್ನು ಮಿಂಚಿನ ಓಟ ನೋಡಿ ಕೊಯ್ಯುವುದು, ಎಲ್ಲ ಬಲ್ಲಳು. ಇದೊಂದು ಬಿಟ್ಟು. ಕೇಳಿದಾಗಲೆಲ್ಲ, "ಹೇಳ್ತೀನಿ ಹೇಳ್ತೀನಿ, ಈಗೇನು ಊರು ಕೊಳ್ಳೆ ಹೋಗ್ತಿದೆಯಾ?" ಎನ್ನುತ್ತಿದ್ದ. ಅವಳು ಹೋಗಿ ಸಿಟ್ಟನ್ನೆಲ್ಲ ಮೂಸೆಯ ಮಣ್ಣು ತುಳಿದು ತೀರಿಸಿಕೊಳ್ಳುತ್ತಿದ್ದಳು.

ಯಜಮಾನ ಹುಟ್ಟಿನಿಂದ ಸಂಶಯದ ಪ್ರಾಣಿಯೇನಲ್ಲ. ಅವನಿಗೊಬ್ಬಳು ತಂಗಿ ಇದ್ದಳು. ಅಪ್ಪ ಸತ್ತಮೇಲೆ ಅಣ್ಣ ತಂಗಿ ಇಬ್ಬರೇ ಆ ಕುಲುಮೆ ನಡೆಸಿದವರು. ಅಣ್ಣ ತಿರುವುತ್ತಿದ್ದ, ತಂಗಿ ಹಕ್ಕಳೆಯ ಪೊಟ್ಟಣ ಬಿಡುತ್ತಿದ್ದಳು. ಆಮೇಲೆ ಅವಳು ಅದೇ ಬೀದಿಯ ಮೂಲೆಮನೆಯ ಬಳೆಗಾರನನ್ನು ಮದುವೆಯಾದಳು. ಆದ ಸ್ವಲ್ಪ ದಿನಕ್ಕೆ ಪೇಟೆಯಲ್ಲಿ ಇನ್ಯಾರದೋ ಮಿಂಚುಗಾಜು ಮಾರಾಟಕ್ಕೆ ಬಂತು. ಅಣ್ಣ ಹಿಂದೆ ಮುಂದೆ ನೋಡದೆ ತಂಗಿಯ ಮನೆ ಬಾಗಿಲಿಗೆ ಹೋಗಿ ನಿಂತು, ಬೀದಿಯವರೆಲ್ಲ ಕೇಳುವ ಹಾಗೆ, "ಅಪ್ಪನ ಗುಟ್ಟು ಹೊತ್ಕೊಂಡು ಹೋಗಿ ಮಾರ್ಕೊಂಡೆ. ಇನ್ಮೇಲೆ ನನ್ನ ಹೊಸಿಲು ತುಳೀಬೇಡ" ಎಂದು ಕೂಗಾಡಿ ಬಂದ. ಪೇಟೆಗೆ ಬಂದದ್ದು ಮಿಂಚುಗಾಜೇ ಅಲ್ಲ, ಬಣ್ಣದ ಗಾಜಿನ ಬೆನ್ನಿಗೆ ಅಭ್ರಕದ ಪುಡಿ ಅಂಟಿಸಿದ್ದು, ನೀರು ತಾಗಿದರೆ ಉದುರುತ್ತಿತ್ತು ಎಂದು ಆಮೇಲೆ ಗೊತ್ತಾಯಿತು. ಗೊತ್ತಾದ ಮೇಲಾದರೂ ಹೋಗಿ ತಪ್ಪಾಯಿತು ಎನ್ನಬೇಕೋ ಬೇಡವೋ? ಅನ್ನಲಿಲ್ಲ ಆ ಪುಣ್ಯಾತ್ಮ. ಆಡಿದ ಮಾತನ್ನು ನುಂಗುವುದಕ್ಕಿಂತ ತಂಗಿಯನ್ನು ಬಿಡುವುದೇ ಸುಲಭ ಎನಿಸಿತೇನೋ.

ಮಗಳು ಇನ್ನೂ ಪುಟ್ಟವಳಾಗಿದ್ದಾಗ ಒಮ್ಮೆ ಬೀದಿಯಿಂದ ಓಡಿ ಬಂದು, "ಅಪ್ಪ, ಮೂಲೆಮನೆ ಅತ್ತೆ ನನ್ನ ಜಡೆ ಹಾಕಿದ್ರು" ಎಂದಿದ್ದಳು. ಯಜಮಾನ ಅವಳನ್ನು ರಟ್ಟೆ ಹಿಡಿದು ಕಪಾಟಿನ ಮುಂದೆ ನಿಲ್ಲಿಸಿ ತಗಡಿನ ಡಬ್ಬಿ ತೋರಿಸಿದ. "ಇದು ಅತ್ತೆ. ನಮ್ಮನೇಲಿ ಅತ್ತೆ ಅಂದ್ರೆ ಇದೊಂದೇ. ಅವಳು ನಿನಗೆ ಏನೂ ಅಲ್ಲ." ಆವತ್ತಿನಿಂದ ಆ ಮನೆಯಲ್ಲಿ ಆ ತಂಗಿ ಬರೀ ಮೂಲೆಮನೆಯವಳು. ಮಗಳಿಗೆ ತಾಯಿ ಇರಲಿಲ್ಲ. ಮುಂದೆ ಕಟ್ಟಿಕೊಂಡ ಗಂಡ ಹಿಂದೆ ಮುಂದೆ ಯಾರೂ ಇಲ್ಲದ, ಕುಲುಮೆಗೆ ಸೌದೆ ಹಾಕಿಕೊಂಡಿದ್ದ ಮನೆ ಅಳಿಯ. "ಎಲ್ಲರಿಗೂ ಅತ್ತೆ ಕಾಟ. ನನಗಿರೋ ಅತ್ತೆ ಡಬ್ಬಿ ಬಿಟ್ಟು ಆಚೆ ಬರಲ್ಲ" ಎಂದು ಮಗಳು ಗೆಳತಿಯರ ಹತ್ತಿರ ತಮಾಷೆ ಮಾಡುತ್ತಿದ್ದಳು. ಆ ಪದಕ್ಕೆ ಅಪ್ಪನ ತಂಗಿ ಎಂಬ ಅರ್ಥವೂ ಇದೆ ಎನ್ನುವುದೇ ಅವಳ ಕಿವಿಗೆ ಮರೆತುಹೋಗಿತ್ತು.

ಈ ಸಲ ಮೂಸೆಯಲ್ಲಿ ಎಲ್ಲ ಕರಗಿ ಹದಕ್ಕೆ ಬಂದಿತ್ತು. ಅತ್ತೆಯೊಬ್ಬಳು ಬಾಕಿ. ಯಜಮಾನ ಡಬ್ಬಿ ತೆಗೆಯಲು ಕಪಾಟಿನ ಹತ್ತಿರ ಹೋದವನು ಅಲ್ಲೇ ಕುಸಿದು ಬಿದ್ದ. ಬಲಗೈ ಬಲಗಾಲಿಗೆ ಲಕ್ವ ಹೊಡೆದಿತ್ತು, ಬಾಯಿ ಒಂದು ಕಡೆಗೆ ಎಳೆದಿತ್ತು. ಅಳಿಯ ಹೊತ್ತು ತಂದು ಅಂಗಳದ ಪಕ್ಕದ ಕೋಣೆಯಲ್ಲಿ ಮಲಗಿಸಿದ. ಡಾಕ್ಟರು ಬಂದು ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಹೊರಗೆ ಬಂದು, "ಹೆಚ್ಚು ಹೊತ್ತಿಲ್ಲ. ಮಾತಾಡಿಸೋದಿದ್ರೆ ಮಾತಾಡ್ಸಿ" ಎಂದು ಹೇಳಿ ಹೋದರು.

ಇತ್ತ ಕುಲುಮೆ ಕಾಯುತ್ತಿತ್ತು. ಬೆಂಕಿ ಇಳಿಸಿದರೆ ಮೂಸೆ ಸೀಳುತ್ತದೆ, ಹಾಗೇ ಬಿಟ್ಟರೆ ಗಾಜು ಹದ ಮೀರುತ್ತದೆ. ಮಗಳು ಅಪ್ಪನ ಎಡಗೈ ಹಿಡಿದು ಕೂತಿದ್ದಳು. ಅಪ್ಪ ಹೋಗುತ್ತಾನಲ್ಲ ಎಂಬ ಸಂಕಟ ಒಂದು ಕಡೆ, ಹೇಳದೆ ಹೋಗುತ್ತಾನಲ್ಲ ಎಂಬ ಸಿಟ್ಟು ಇನ್ನೊಂದು ಕಡೆ. ಯಾವುದು ಹೆಚ್ಚು ಎಂದು ಯಾರಾದರೂ ಕೇಳಿದ್ದರೆ ಅವಳಿಗೇ ನಾಚಿಕೆಯಾಗುತ್ತಿತ್ತು. ಗುಟ್ಟು ಅವನ ಜೊತೆ ಮಣ್ಣಿಗೆ ಹೋದರೆ ಆಮೇಲೆ ಈ ಮನೆ ಶೀಶೆ ಊದುವ ಹತ್ತು ಮನೆಗಳ ಜೊತೆ ಹನ್ನೊಂದನೆಯದು, ಅಷ್ಟೇ. ಅವಳು ಕಲಿತದ್ದೆಲ್ಲ ದಂಡ.

ಆ ಹೊತ್ತಿಗೆ ಅಳಿಯ ಬಂದು ಮೆಲ್ಲಗೆ ಹೇಳಿದ. "ಮೂಲೆಮನೆಯವರು ಬಂದಿದಾರೆ ಕಣೇ. ಹೊರಗೆ ನಿಂತಿದಾರೆ."

ಮಗಳು ಎದ್ದು ಹೋದಳು. ಕೋಣೆಯ ಮುಂದಿನ ಮೆಟ್ಟಿಲ ಹತ್ತಿರ ಮೂಲೆಮನೆಯವಳು ಒಂದು ಕೈಯಿಂದ ಗೋಡೆ ಹಿಡಿದುಕೊಂಡು ನಿಂತಿದ್ದಳು. ಗಂಡ ಸತ್ತು, ಕೂದಲು ಹಣ್ಣಾಗಿ, ಕುಗ್ಗಿ ಕುಗ್ಗಿ ಇಷ್ಟೇ ಇಷ್ಟಾಗಿದ್ದಳು.

"ಅಪ್ಪ ನಿಮ್ಮನ್ನ ಒಳಗೆ ಬಿಡಬಾರದು ಅಂತ ಹೇಳಿಟ್ಟಿದಾರೆ. ನಾನೇನು ಮಾಡ್ಲಿ," ಎಂದಳು ಮಗಳು.

"ನಾನು ಒಳಗೆ ಬರಲ್ಲ ಕಣಮ್ಮ. ಇಲ್ಲೇ ಕೂತಿರ್ತೀನಿ. ಅವನಾಗಿ ಕರೆದ್ರೆ ಹೇಳು."

"ಕರೆದ್ರೆ ಹೇಳ್ತೀನಿ."

ಮುದುಕಿ ಮೆಟ್ಟಿಲ ಮೇಲೆ ಕೂತಳು. ಇವರು ಆಡಿದ್ದು ಒಳಗೆ ಮಲಗಿದವನಿಗೆ ಕೇಳಿಸಿತ್ತು. ಮಗಳು ಒಳಗೆ ಬಂದಾಗ ಅವನ ಕಣ್ಣು ಬಾಗಿಲ ಮೇಲೇ ಇತ್ತು. ಎಡಗೈ ಎತ್ತಿ ಆ ಕಡೆ ತೋರಿಸಿದ. ಆ ಬಾಗಿಲ ಆಚೆ ಮೆಟ್ಟಿಲು, ಮೆಟ್ಟಿಲ ಆಚೆ ಅಂಗಳ, ಅಂಗಳದ ಆಚೆ ಕುಲುಮೆಯ ಕೊಟ್ಟಿಗೆ. ಮಗಳ ಕಣ್ಣು ಮೆಟ್ಟಿಲು ದಾಟಿ ನೆಟ್ಟಗೆ ಕೊಟ್ಟಿಗೆಗೇ ಹೋಯಿತು.

"ಏನಪ್ಪ? ಕುಲುಮೆನಾ? ಬೆಂಕಿ ಸರಿಯಾಗೇ ಇದೆ. ಏನು ಮಾಡ್ಬೇಕು ಹೇಳಪ್ಪ."

ಅವನ ತುಟಿ ಅಲುಗಿತು. ನಾಲಿಗೆ ಹೊರಳುತ್ತಿರಲಿಲ್ಲ. ಮಗಳು ಕಿವಿಯನ್ನು ಅವನ ಬಾಯಿಗೇ ಇಟ್ಟಳು.

"ಅತ್ತೆ," ಎಂದ.

ಮಗಳು ಇನ್ನಷ್ಟು ಬಗ್ಗಿದಳು. ಕೊನೆಗೂ ಬಾಯಿ ಬಿಟ್ಟ. "ಹೂಂ ಅಪ್ಪ, ಅತ್ತೆ. ಹೇಳು. ಈಗ್ಲೇನಾ? ಎಷ್ಟು?"

"ಅತ್ತೆ... ಬರ್ಲಿ."

"ಬರ್ತಾಳಪ್ಪ. ಈಗ ಹಾಕ್ಬಿಡ್ಲಾ? ಎಷ್ಟು ಹಾಕ್ಲಿ, ಅರ್ಧ ಡಬ್ಬಿನಾ?"

ಅವನು ತಲೆಯನ್ನು ದಿಂಬಿನ ಮೇಲೆ ಆ ಕಡೆ ಈ ಕಡೆ ಹೊರಳಿಸಿದ. ಅಲ್ಲ ಎಂದಂತೆ. ಮಗಳು ಯೋಚಿಸಿದಳು, ಅರ್ಧ ಅಲ್ಲ. ಹಾಗಾದರೆ? "ಪೂರ್ತಿನಾ?" ಎಂದಳು. ಅವನು ಅವಳ ಮುಖವನ್ನೇ ನೋಡಿದ. ಕಣ್ಣಿನಿಂದ ನೀರು ಇಳಿದು ಕಿವಿಯ ಕಡೆಗೆ ಹರಿಯಿತು. ಪಾಪ, ಬದುಕೆಲ್ಲ ಬಚ್ಚಿಟ್ಟದ್ದನ್ನು ಬಿಟ್ಟುಕೊಡುವುದು ಕಷ್ಟವಾಗುತ್ತಿದೆ ಎಂದುಕೊಂಡು ಮಗಳು ಅದನ್ನು ಅಂಗೈಯಿಂದ ಒರೆಸಿದಳು.

"ಒಳಗೆ... ಬಿಡು," ಎಂದ. ಒಂದೊಂದು ಮಾತಿಗೂ ಎದೆ ಏರಿ ಇಳಿಯುತ್ತಿತ್ತು. "ತಡ... ಮಾಡ್ಬೇಡ. ಬಾಗಿಲು... ಹಾಕ್ಬೇಡ."

"ಬಾಗಿಲು ಹಾಕ್ಬಾರದಾ?"

"ಹಾಕ್ಬೇಡ."

ಮಗಳು ದಂಗಾಗಿ ಕೂತಳು. ಕುಲುಮೆಯ ಬಾಗಿಲು ಹಾಕಬಾರದು. ಅದಕ್ಕೇ ಇವನು ಎಲ್ಲರನ್ನೂ ಆಚೆ ಅಟ್ಟುತ್ತಿದ್ದನೇ? ಎಲ್ಲರೂ ಗಾಳಿ ತಾಗಬಾರದು ಎಂದುಕೊಂಡಿದ್ದರೆ ಇವನು ಬಾಗಿಲು ತೆಗೆದಿಟ್ಟುಕೊಂಡೇ ಮಾಡುತ್ತಿದ್ದನೇ? ಯಾರ ತಲೆಗೂ ಹೊಳೆಯದ ಗುಟ್ಟು ಅಂದರೆ ಇದೇ ಇರಬೇಕು. ಅಪ್ಪನ ಮೇಲೆ ಅವಳಿಗೆ ಎಲ್ಲಿಲ್ಲದ ಪ್ರೀತಿ ಉಕ್ಕಿ ಬಂತು. ಅವನ ಹಣೆಗೆ ಹಣೆ ತಾಗಿಸಿ, "ಆಯ್ತಪ್ಪ, ಗೊತ್ತಾಯ್ತು. ನೀನು ಹೇಳಿದ ಹಾಗೇ ಮಾಡ್ತೀನಿ" ಎಂದಳು. ಅವನು ಎಡಗೈಯಿಂದ ಅವಳ ತೋಳು ಹಿಡಿದ. ಬಿಡಿಸಿಕೊಳ್ಳಲು ಒಂದೊಂದೇ ಬೆರಳು ಬಿಡಿಸಬೇಕಾಯಿತು.

ಮೆಟ್ಟಿಲ ಮೇಲೆ ಮೂಲೆಮನೆಯವಳು ಕೂತೇ ಇದ್ದಳು. ಮಗಳು ಓಡುತ್ತ ಬಂದದ್ದು ನೋಡಿ ಎದ್ದು ನಿಲ್ಲಲು ಹೋದಳು. "ಕರೆದ್ನಾ?"

"ಇಲ್ಲ. ಈಗ ಕೆಲಸ ಇದೆ, ದಾರಿ ಬಿಡಿ."

ಮುದುಕಿ ಕಾಲು ಮಡಚಿಕೊಂಡಳು. ಮಗಳು ಅವಳನ್ನು ದಾಟಿಕೊಂಡು ಅಂಗಳಕ್ಕೆ ಇಳಿದು ಕೊಟ್ಟಿಗೆಗೆ ಹೋದಳು.

ಅಳಿಯ ಕೇಳಿದವನೇ ಬಾಯಿ ಕಳೆದು ನಿಂತ. "ಡಬ್ಬಿ ಪೂರ್ತಿನಾ? ಬಾಗಿಲು ಹಾಕ್ದೇನಾ? ತಲೆ ಗಿಲೆ ಕೆಟ್ಟಿದೆಯಾ ನಿನಗೆ? ಮರುದಿನ ನಾವು ನೋಡೋ ಹೊತ್ತಿಗೆ ಮಾವ ಮೆತ್ತಿರ್ತಿದ್ರಲ್ಲ."

"ಮರುದಿನ ರೀ. ಅಷ್ಟೊತ್ತನಕ ಒಳಗೇನು ಮಾಡ್ತಿದ್ರು ಅಂತ ನೀವು ಕಂಡಿದೀರಾ, ನಾನು ಕಂಡಿದೀನಾ? ಸಾಯೋ ಹೊತ್ತಲ್ಲಿ ಸುಳ್ಳು ಹೇಳ್ತಾರಾ ಅಪ್ಪ?"

ಅಳಿಯ ಕಾಗದ ಹರಿದು ಕೊಟ್ಟ. ಇಬ್ಬರೂ ಹಕ್ಕಳೆಯನ್ನು ಪೊಟ್ಟಣ ಕಟ್ಟಿದರು. ಒಂದೊಂದೇ ಪೊಟ್ಟಣ ಗಾಜಿನೊಳಗೆ ಇಳಿದಾಗ ಕುಲುಮೆ ಗುರ್ರೆಂದಿತು, ಹೊಗೆ ಎದ್ದಿತು. ಅಳಿಯ ಸಲಾಕೆ ಹಿಡಿದು ತೋಳು ಸೋಲುವವರೆಗೂ ತಿರುವಿದ. ಡಬ್ಬಿಯ ತಳ ಕೊಡವಿ ಖಾಲಿ ಮಾಡಿದರು. ಮಗಳು ಬೆವರು ಸುರಿಸುತ್ತ ನಗುತ್ತಿದ್ದಳು. ಅಪ್ಪನ ಕೆಲಸಕ್ಕೆ ಮೊದಲ ಸಲ ತಾನೇ ಕೈ ಹಾಕಿದ್ದಳು, ಯಾರೂ ಅವಳನ್ನು ಆಚೆ ನಡಿ ಎನ್ನಲಿಲ್ಲ. ಕುಲುಮೆಯ ಬಾಗಿಲನ್ನು ಅಪ್ಪ ಹೇಳಿದಂತೆ ತೆರೆದೇ ಬಿಟ್ಟು ಹೊರಗೆ ಬಂದಳು.

ಕೊಟ್ಟಿಗೆಯಿಂದ ಅಂಗಳಕ್ಕೆ ಕೆಂಪು ಬೆಳಕು ಬೀಳುತ್ತಿತ್ತು. ಮೂಲೆಮನೆಯವಳು ಮೆಟ್ಟಿಲ ಮೇಲಿಂದಲೇ ಅದನ್ನು ನೋಡಿ, "ಬಾಗಿಲು ತೆಗೆದೇ ಇದೆಯಲ್ಲಮ್ಮ. ಅತ್ತೆ ಹಾಕಿದಮೇಲೆ ಮುಚ್ಚೋದಲ್ವಾ?" ಎಂದಳು.

"ನಮ್ಮನೆ ಕುಲುಮೆ ಸುದ್ದಿ ನಿಮಗ್ಯಾಕೆ?" ಎಂದಳು ಮಗಳು. ಮುದುಕಿ ತಲೆ ತಗ್ಗಿಸಿದಳು.

ಮಗಳು ಅಪ್ಪನಿಗೆ ಹೇಳಲು ಕೋಣೆಗೆ ಹೋದಳು. "ಎಲ್ಲ ಹಾಕಿದ್ವಿ ಅಪ್ಪ, ಪೂರ್ತಿ" ಎನ್ನುತ್ತಲೇ ಒಳಗೆ ಹೆಜ್ಜೆ ಇಟ್ಟಳು. ಯಜಮಾನ ಬಾಗಿಲ ಕಡೆ ಮುಖ ಮಾಡಿಕೊಂಡಿದ್ದ. ಕಣ್ಣು ತೆರೆದೇ ಇತ್ತು. ಪ್ರಾಣ ಇರಲಿಲ್ಲ. ಕೊನೆಯ ಗಳಿಗೆಯಲ್ಲಿ ಅವನ ಹತ್ತಿರ ಯಾರೂ ಇರಲಿಲ್ಲ. ಒಬ್ಬಳು ಇದ್ದದ್ದು ಮೆಟ್ಟಿಲ ಮೇಲೆ.

ಮಗಳ ಕೂಗು ಕೇಳಿದ ಮೇಲೆ ಮೂಲೆಮನೆಯವಳು ಒಳಗೆ ಬಂದಳು. ಬೇಡ ಎನ್ನುವವನೇ ಇರಲಿಲ್ಲವಲ್ಲ. ಅಣ್ಣನ ಕಣ್ಣು ಮುಚ್ಚಿದಳು, ಎಳೆದುಹೋಗಿದ್ದ ಬಾಯಿಯನ್ನು ಬೆರಳಿನಿಂದ ನೇರ ಮಾಡಲು ನೋಡಿದಳು. ಅದು ನೇರವಾಗಲಿಲ್ಲ.

"ಕೊನೇಲಿ ಏನಾದ್ರೂ ಅಂದ್ನಾ?" ಎಂದು ಕೇಳಿದಳು.

"ಕೆಲಸದ ಮಾತು," ಎಂದಳು ಮಗಳು ಅಳುತ್ತ. "ಬರೀ ಕೆಲಸದ ಮಾತು."

"ಬೇರೆ ಏನೂ ಇಲ್ಲ?"

"ಇಲ್ಲ."

"ಅವನು ಮೊದಲಿಂದ್ಲೂ ಹಾಗೇ," ಎಂದಳು ಮುದುಕಿ. ಸ್ವಲ್ಪ ಹೊತ್ತು ಕೂತಿದ್ದು ಎದ್ದು ತನ್ನ ಮನೆಗೆ ಹೋದಳು. ಮಣ್ಣು ಮಾಡುವಾಗ ಎಲ್ಲರಿಗಿಂತ ಹಿಂದೆ ನಿಂತಿದ್ದಳು.

ಅಪ್ಪ ಮಾಡಿಡುತ್ತಿದ್ದ ಹಾಗೇ ಮರುದಿನ ಕುಲುಮೆಯನ್ನು ಮುಚ್ಚಿ ಮೆತ್ತಿದರು. ಅದು ತಣಿಯುವವರೆಗೂ ಮಗಳಿಗೆ ಅದೇ ಧ್ಯಾನ. ಊಟ ಸೇರುತ್ತಿರಲಿಲ್ಲ. ಅಪ್ಪ ಇಲ್ಲದ ದುಃಖಕ್ಕೆ ಅದೊಂದೇ ಆಸರೆಯಾಗಿತ್ತು. ಮೂಸೆ ಒಡೆದಾಗ ಒಳಗೆ ಮಿಂಚು ಕಂಡರೆ ಅಪ್ಪ ತನ್ನನ್ನು ನಂಬಿದ, ಕಡೆಗಾದರೂ ನಂಬಿದ ಎಂದು ಅರ್ಥ. ಇಷ್ಟು ವರ್ಷ ಆಚೆ ಅಟ್ಟಿದ್ದೆಲ್ಲ ಆಗ ಮಾಫಿ.

ಮೂಸೆ ಕೈಯಿಂದ ಮುಟ್ಟುವಷ್ಟು ತಣಿದ ದಿನ ಬೆಳಿಗ್ಗೆ ಅಳಿಯ ಸುತ್ತಿಗೆ ತಂದ. ಮೂಸೆಯ ಗೋಡೆ ಚೂರು ಚೂರಾಗಿ ಕಳಚಿ ಬಿತ್ತು. ಒಳಗಿದ್ದದ್ದು ಪಾಚಿ ಬಣ್ಣದ ಕರಿ ಗೆಡ್ಡೆ. ಬೆಳಕಿಗೆ ಹಿಡಿದರೂ ಬೆಳಕು ಹಾಯಲಿಲ್ಲ. ಒಂದು ಚುಕ್ಕಿ ಮಿಂಚಿಲ್ಲ. ತಳದಲ್ಲಿ ತಾಮ್ರವೆಲ್ಲ ಕೂಡಿ ಒಂದು ಉಂಡೆಯಾಗಿ ಕೂತಿತ್ತು. ಮಗಳು ಇನ್ನೊಂದು ತುಂಡು ಒಡೆದಳು, ಮತ್ತೊಂದು ಒಡೆದಳು. ಅಂಗೈ ಕುಯ್ದು ರಕ್ತ ಬಂದರೂ ಬಿಡಲಿಲ್ಲ. ಅಳಿಯ ಸುತ್ತಿಗೆ ಕಿತ್ತುಕೊಂಡ.

"ಸಾಯೋವಾಗ್ಲೂ ಮೋಸ ಮಾಡ್ದ," ಎಂದಳು. "ಬೇಕಂತ ತಪ್ಪು ಹೇಳ್ದ ರೀ. ನನ್ನ ಕೈಗೆ ಸಿಗಬಾರದು ಅಂತ. ಹೊಟ್ಟೇಲಿ ಹುಟ್ಟಿದ ಮಗಳನ್ನೂ ನಂಬಲಿಲ್ಲ ಅವನು."

"ಹಾಗನ್ಬೇಡ್ವೇ. ಬುದ್ಧಿ ಸ್ಥಿಮಿತದಲ್ಲಿತ್ತೋ ಇಲ್ವೋ."

"ಚೆನ್ನಾಗೇ ಇತ್ತು. ಬಾಗಿಲು ಹಾಕ್ಬೇಡ ಅಂತ ಎರಡೆರಡು ಸಲ ಹೇಳ್ದ."

ಅತ್ತರೂ ಸಿಟ್ಟು ಇಳಿಯಲಿಲ್ಲ. ಕೈಗೊಂದು ಬಟ್ಟೆ ಸುತ್ತಿಕೊಂಡು, ಆ ಕರಿ ಗಾಜಿನ ಒಂದು ತುಂಡು ಹಿಡಿದು ಬೀದಿಗೆ ಬಂದಳು. ಗುಟ್ಟು ಬಲ್ಲವಳು ಭೂಮಿಯ ಮೇಲೆ ಇನ್ನೊಬ್ಬಳಿದ್ದಳು, ಒಂದು ಕಾಲಕ್ಕೆ ಹಕ್ಕಳೆಯ ಪೊಟ್ಟಣ ಬಿಡುತ್ತಿದ್ದವಳು. ಕಾಲು ಹಿಡಿದಾದರೂ ಕೇಳುವುದು ಎಂದು ಗಟ್ಟಿ ಮಾಡಿಕೊಂಡು ಮೂಲೆಮನೆಗೆ ಹೋದಳು.

ಆ ಮನೆಯೊಳಗೆ ಅವಳು ಕಾಲಿಟ್ಟು ಎಷ್ಟೋ ಕಾಲವಾಗಿತ್ತು. ಒಂದೇ ಕೋಣೆ, ಕಿಟಕಿಯ ಹತ್ತಿರ ಮಂಚ, ಗೋಡೆಗೆ ಗಂಡನ ಕಾಲದ ಬಳೆ ಕಂಬಿಗಳು ಒರಗಿದ್ದವು. ಮುದುಕಿ ಮಂಚದ ಮೇಲೆ ಸರಿದು ಜಾಗ ಮಾಡಿಕೊಟ್ಟಳು. ಗಾಜಿನ ತುಂಡನ್ನು ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದಳು. ಉಗುರಿನಿಂದ ತಳ ಕೆರೆದಳು.

"ಎಷ್ಟು ಸುರಿದ್ರಿ?"

"ಡಬ್ಬಿ ಪೂರ್ತಿ. ಅಪ್ಪ ಹೇಳಿದ ಹಾಗೇ, ಬಾಗಿಲೂ ತೆಗೆದಿಟ್ಟು."

"ಅಯ್ಯೋ ನನ್ನ ಕಂದ. ಅದೊಂದು ಡಬ್ಬಿ ಎಷ್ಟೋ ಮೂಸೆಗೆ ಬರ್ತಿತ್ತು."

"ಹಾಗಾದ್ರೆ ಎಷ್ಟು ಹಾಕ್ಬೇಕು ನೀವು ಹೇಳಿ. ನಿಮಗೆ ಗೊತ್ತಲ್ಲ. ಅವತ್ತು ನಾನು ಏನೋ ಅಂದೆ, ತಪ್ಪಾಯ್ತು. ನಿಮ್ಮ ಕಾಲು ಹಿಡ್ಕೋತೀನಿ."

ಮುದುಕಿ ತುಂಡನ್ನು ಮಂಚದ ಮೇಲಿಟ್ಟಳು. "ನೆನಪಿಲ್ಲಮ್ಮ," ಎಂದಳು. "ಮೊದಲು ಇತ್ತು. ನಾನು ಹೊತ್ಕೊಂಡು ಬಂದೆ ಅಂತ ನಿಮ್ಮಪ್ಪ ಬೀದೀಲಿ ಕೂಗಿದ್ನಲ್ಲ, ಆಮೇಲೆ ಅದನ್ನ ನೆನಪಿಟ್ಕೊಂಡ್ರೆ ಅವನ ಮಾತು ನಿಜ ಆಗತ್ತೆ ಅನ್ನಿಸ್ತು. ತಲೆಗೆ ಬಂದಾಗೆಲ್ಲ ಬೇರೆ ಏನಾದ್ರೂ ಯೋಚ್ನೆ ಮಾಡ್ತಿದ್ದೆ. ಬಳೆ ಎಣಿಸ್ತಿದ್ದೆ. ಹೀಗೇ ಮಾಡ್ತಾ ಮಾಡ್ತಾ ಹೋಗೇ ಹೋಯ್ತು. ಈಗ ಹುಡುಕಿದ್ರೂ ಸಿಗಲ್ಲ."

ಮಗಳು ಅವಳ ಮುಖವನ್ನೇ ನೋಡಿದಳು. ಸುಳ್ಳಿನ ಸುಳಿವೂ ಇರಲಿಲ್ಲ. ಅಲ್ಲಿಗೆ ಮುಗಿಯಿತು. ಮಿಂಚುಗಾಜು ಎನ್ನುವುದು ಆ ಮನೆಯಿಂದ, ಆ ಬೀದಿಯಿಂದ ಎದ್ದು ಹೋಯಿತು. ಮಗಳು ಗೋಡೆಗೆ ಒರಗಿದಳು.

"ಅವನಿಗಂತೂ ಮರೆತಿರಲಿಲ್ಲ," ಎಂದಳು ಮುದುಕಿ, ತನ್ನಷ್ಟಕ್ಕೆ ಎಂಬಂತೆ. "ಡಬ್ಬಿ ಪೂರ್ತಿ ಸುರಿ ಅಂತ ಅವನು ಯಾಕೆ ಹೇಳ್ತಾನೆ? ಬಾಗಿಲು ತೆಗೆದಿಡು ಅಂತ ಯಾಕೆ ಹೇಳ್ತಾನೆ? ಏನಂದ ಅವನು? ಅಂದ ಹಾಗೇ ಹೇಳು ನೋಡೋಣ."

ಮಗಳಿಗೆ ಆ ಮಾತುಗಳು ಬಾಯಿಪಾಠವಾಗಿದ್ದವು. ಸಿಟ್ಟಿನಲ್ಲೇ, ಅಪ್ಪನನ್ನು ಅಣಕಿಸುವಂತೆ, ಪಟಪಟ ಒಪ್ಪಿಸಿದಳು. "ಅತ್ತೆ. ಅತ್ತೆ ಬರ್ಲಿ. ಒಳಗೆ ಬಿಡು. ತಡ ಮಾಡ್ಬೇಡ. ಬಾಗಿಲು..."

ಅಲ್ಲಿಗೆ ಅವಳ ಮಾತು ನಿಂತಿತು. ಎದುರಿಗೆ ಕೂತವಳ ಹಣೆ ಅಪ್ಪನ ಹಣೆಯ ಹಾಗೇ ಇತ್ತು. ಹುಬ್ಬು ಅವನದೇ. ತನ್ನ ಬಾಯಿಂದ ಆಗ ತಾನೇ ಹೊರಟ ಅತ್ತೆ ಎಂಬ ಪದ ಆ ಮುಖದ ಮುಂದೆ ಬಂದು ನಿಂತುಬಿಟ್ಟಿತು. ಅರ್ಧ ಡಬ್ಬಿಯಾ ಎಂದು ಕೇಳಿದಾಗ ದಿಂಬಿನ ಮೇಲೆ ಹೊರಳಿದ ತಲೆ, ಕಿವಿಯ ಕಡೆಗೆ ಹರಿದ ನೀರು, ಬಿಡಿಸಲಾರದಂತೆ ತೋಳು ಹಿಡಿದಿದ್ದ ಬೆರಳುಗಳು ಎಲ್ಲ ಒಟ್ಟಿಗೆ ಅವಳ ಮೇಲೆ ಬಿದ್ದವು.

"ಬಾಗಿಲು?" ಎಂದಳು ಮುದುಕಿ.

"ಹಾಕ್ಬೇಡ ಅಂದ್ರು."

ಮುದುಕಿ ಗಾಜಿನ ತುಂಡನ್ನು ಪಕ್ಕಕ್ಕೆ ಸರಿಸಿದಳು.

"ಇನ್ನೊಂದ್ಸಲ ಹೇಳು," ಎಂದಳು.

ಮಗಳು ಹೇಳಿದಳು. ಈ ಸಲ ಸಿಟ್ಟಿರಲಿಲ್ಲ. ಅವನು ಹೇಗೆ ಉಸಿರು ಎಳೆದು ಎಳೆದು ಅಂದಿದ್ದನೋ ಹಾಗೇ, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳಿದಳು.

"ನಾನು ಅಲ್ಲೇ ಇದ್ನಲ್ಲೇ," ಎಂದಳು ಮುದುಕಿ. "ಮೆಟ್ಟಿಲ ಮೇಲೇ ಕೂತಿದ್ನಲ್ಲ. ನೀನು ನನ್ನನ್ನೇ ದಾಟ್ಕೊಂಡು ಹೋದ್ಯಲ್ಲ."

ಮಗಳು ಹೌದು ಎಂದಳು.